ಯಾರ್ಕಂದ್‌ಗೆ ಹೋಗುವವರು ಮೊದಲೇ ತಿಳಿದಿರಬೇಕಾದದ್ದು

ಚೀನಾದ ಷಿನ್‌ಜಿಯಾಂಗ್‌ಗೆ ಹೊರಟವರು ಸಾಮಾನ್ಯವಾಗಿ ಕಾಶ್ಗರ್ ನಗರವನ್ನು ನೋಡಿ ಹಿಂದಿರುಗುತ್ತಾರೆ. ಸಮಯವಿದ್ದರೆ ಅಲ್ಲಿಂದ ಆಗ್ನೇಯಕ್ಕೆ ಸುಮಾರು 200 ಕಿಲೋಮೀಟರ್ ದೂರದ ಯಾರ್ಕಂದ್ ಕೌಂಟಿಗೂ ಹೋಗಿ ಬನ್ನಿ ಎಂಬುದು ನನ್ನ ಸಲಹೆ. ಚೀನೀ ನಕ್ಷೆಯಲ್ಲೂ ರೈಲಿನ ಟಿಕೆಟ್‌ನಲ್ಲೂ ಇದರ ಹೆಸರು ಶಾಚೆ ಎಂದಿರುತ್ತದೆ. ಟಿಕೆಟ್ ಕಾಯ್ದಿರಿಸುವಾಗ ಆ ಹೆಸರನ್ನೇ ಬಳಸಬೇಕು. 2010ರ ಜನಗಣತಿಯಲ್ಲಿ ಇಲ್ಲಿ ಸುಮಾರು 7.6 ಲಕ್ಷ ಜನರಿದ್ದರು. ಅವರಲ್ಲಿ ಬಹುಪಾಲು ತುರ್ಕಿ ಭಾಷಾಕುಟುಂಬದ ನುಡಿಯಾಡುವ ಮುಸ್ಲಿಮರಾದ ಉಯ್ಘುರರು, ಮತ್ತು ಅವರಲ್ಲಿ ಹೆಚ್ಚಿನವರು ಹಳ್ಳಿಗಳಲ್ಲಿ ಬೇಸಾಯ ಮಾಡಿಕೊಂಡಿರುವವರು.

ಸಾಧ್ಯವಾದರೆ ಮೊದಲು ಲೇಹ್ ನೋಡಿ, ಆಮೇಲೆ ಯಾರ್ಕಂದ್‌ಗೆ ಹೋಗಿ. ನಾನು ಆ ಕ್ರಮದಲ್ಲಿ ಹೋದದ್ದರಿಂದಲೇ ಊರು ಅರ್ಥವಾಯಿತು. ಲೇಹ್‌ನ ಮಧ್ಯ ಏಷ್ಯಾ ವಸ್ತುಸಂಗ್ರಹಾಲಯವನ್ನೂ, ಯಾರ್ಕಂದಿ ವರ್ತಕರು ಲಡಾಖಿ ಹೆಣ್ಣುಮಕ್ಕಳನ್ನು ಮದುವೆಯಾಗಿ ಬೆಳೆದ ಅರ್ಗೋನ್ ಸಮುದಾಯವನ್ನೂ, ನುಬ್ರಾ ಕಣಿವೆಯ ಹುಂದರ್‌ನಲ್ಲಿ ನಮ್ಮ ಪ್ರವಾಸಿಗರು ಸವಾರಿ ಮಾಡುವ ಎರಡು ಡುಬ್ಬದ ಒಂಟೆಗಳನ್ನೂ ಒಂದೇ ದಾರಿ ಬೆಸೆಯುತ್ತದೆ. ಆ ದಾರಿ ಸಾಸೆರ್ ಮತ್ತು ಕಾರಕೋರಂ ಕಣಿವೆಮಾರ್ಗಗಳನ್ನು ದಾಟಿ ಯಾರ್ಕಂದ್ ತಲುಪುತ್ತಿತ್ತು. 5,500 ಮೀಟರಿಗೂ ಎತ್ತರದ ಕಾರಕೋರಂ ಮೂಲಕ ಭಾರತದಿಂದ ಬಟ್ಟೆ, ಮಸಾಲೆ, ಬಣ್ಣ ಹೋಗುತ್ತಿದ್ದವು. ಅಲ್ಲಿಂದ ರೇಷ್ಮೆ, ಉಣ್ಣೆಯ ನಮ್ದಾ ಹಾಸು, ರತ್ನಗಂಬಳಿ ಮತ್ತು ಚರಸ್ ಬರುತ್ತಿದ್ದವು. ಹೋಶಿಯಾರ್‌ಪುರದ ವರ್ತಕರೂ ಶಿಕಾರ್‌ಪುರದ ಲೇವಾದೇವಿಗಾರರೂ ಯಾರ್ಕಂದ್‌ನಲ್ಲಿ ನೆಲೆಸಿದ್ದರು. 1949ರ ನಂತರ ಈ ವ್ಯಾಪಾರ ನಿಂತುಹೋಯಿತು. ಇಂದು ಗಡಿ ದಾಟುವ ದಾರಿಯೇ ಇಲ್ಲದ್ದರಿಂದ ನಾವು ಚೀನಾದ ಪೂರ್ವ ಕರಾವಳಿಯವರೆಗೆ ಹಾರಿ, ಅಲ್ಲಿಂದ ಮತ್ತೆ ಪಶ್ಚಿಮಕ್ಕೆ ಬರಬೇಕಾಗಿದೆ.

ಭಾರತ ಮತ್ತು ಚೀನಾ ನಡುವಿನ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಮತ್ತೆ ಆರಂಭವಾಗಿವೆ. ಗುವಾಂಗ್‌ಝೌ ಮೂಲಕ ಉರುಮ್ಚಿಗೆ, ಅಲ್ಲಿಂದ ಕಾಶ್ಗರ್‌ಗೆ ವಿಮಾನದಲ್ಲಿ ಹೋಗಿ, ಆಮೇಲೆ 2011ರಲ್ಲಿ ಪ್ರಯಾಣಿಕರಿಗೆ ತೆರೆದ ಹೋಟಾನ್ ಮಾರ್ಗದ ರೈಲು ಹಿಡಿಯುವುದು ಅನುಕೂಲಕರ. ನಿಲ್ದಾಣದಲ್ಲಿ ತಪಾಸಣೆ ಬಿಗಿಯಾಗಿರುವುದರಿಂದ ಬೇಗನೆ ತಲುಪಬೇಕು. ಟಿಕೆಟ್‌ನಲ್ಲಿರುವುದು ಬೀಜಿಂಗ್ ಸಮಯ. ಸ್ಥಳೀಯರು ಅನೌಪಚಾರಿಕವಾಗಿ ಪಾಲಿಸುವ ಸಮಯ ಅದಕ್ಕಿಂತ ಎರಡು ಗಂಟೆ ಹಿಂದೆ, ಅಂದರೆ ನಮ್ಮ ಗಡಿಯಾರಕ್ಕಿಂತ ಅರ್ಧ ಗಂಟೆ ಮಾತ್ರ ಮುಂದೆ. ಯಾರಾದರೂ ಹೊತ್ತು ಹೇಳಿದರೆ ಯಾವ ಸಮಯವೆಂದು ಕೇಳಿ ಖಚಿತಪಡಿಸಿಕೊಳ್ಳಿ. ವಿದೇಶಿಯರನ್ನು ನೋಂದಾಯಿಸಿಕೊಳ್ಳಲು ಸಣ್ಣ ಹೋಟೆಲುಗಳು ಹಿಂಜರಿಯುವುದುಂಟು, ಆದ್ದರಿಂದ ಮುಂಚಿತವಾಗಿ ವಿಚಾರಿಸಿ. ಪಾಸ್‌ಪೋರ್ಟ್ ಸದಾ ಜೊತೆಯಲ್ಲಿರಲಿ. ಹಣ ಪಾವತಿಗೆ ಅಲಿಪೇ ಅಥವಾ ವೀಚಾಟ್ ಎಂಬ ಮೊಬೈಲ್ ಆ್ಯಪ್‌ಗೆ ನಿಮ್ಮ ಕಾರ್ಡನ್ನು ಭಾರತದಿಂದ ಹೊರಡುವ ಮೊದಲೇ ಜೋಡಿಸಿಕೊಳ್ಳಿ.

ಊರಿನಲ್ಲಿ ಮೊದಲು ನೋಡಬೇಕಾದದ್ದು ಅಲ್ತುನ್ ಮಸೀದಿಯ ಬಳಿಯಿರುವ ಅರಸುಮನೆತನದ ಸಮಾಧಿಗಳು. 1514ರಲ್ಲಿ ಯಾರ್ಕಂದ್ ರಾಜ್ಯವನ್ನು ಸ್ಥಾಪಿಸಿದ ಸುಲ್ತಾನ್ ಸಯೀದ್ ಖಾನ್ ಬಾಬರನ ಬಂಧು. ಲಡಾಖ್ ದಂಡಯಾತ್ರೆಯಿಂದ ಮರಳುವಾಗ 1533ರಲ್ಲಿ ಕಾರಕೋರಂನ ಎತ್ತರದಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡನು. ಅವನ ಮಗ ಅಬ್ದುರಶೀದ್ ಖಾನನ ರಾಣಿ ಅಮನ್ನಿಸಾ ಖಾನ್ ಕವಯಿತ್ರಿ, ಸಂಗೀತಗಾರ್ತಿ. ಉಯ್ಘುರರ ಹನ್ನೆರಡು ಮುಕಾಮ್‌ಗಳನ್ನು, ಅಂದರೆ ಹಾಡು, ವಾದನ, ಕುಣಿತಗಳ ದೀರ್ಘ ಸಂಗೀತಮಾಲೆಗಳನ್ನು ಕಲೆಹಾಕಿ ಕ್ರಮಗೊಳಿಸಿದವಳು ಅವಳೇ ಎಂದು ಇಲ್ಲಿನ ಜನ ನಂಬಿದ್ದಾರೆ. ಅವಳ ಈಗಿನ ಸಮಾಧಿ ಕಟ್ಟಡ 1990ರ ದಶಕದ್ದು, ಆದ್ದರಿಂದ ಪ್ರಾಚೀನ ಶಿಲ್ಪವನ್ನು ನಿರೀಕ್ಷಿಸಬೇಡಿ. ಸಂಗೀತದಲ್ಲಿ ಆಸಕ್ತಿಯುಳ್ಳವರು ಹೊರಡುವ ಮೊದಲೇ ಮುಕಾಮ್ ಕೇಳಿಸಿಕೊಂಡಿರಬೇಕು. ಮುಕ್ತ ಲಯದ ನಿಧಾನವಾದ ಆರಂಭದಿಂದ ಕುಣಿತದ ಗತಿಗೆ ಏರುವ ಅದರ ವಿಸ್ತಾರವು ಹಿಂದುಸ್ತಾನಿ ಆಲಾಪಕ್ಕೆ ಹೊಂದಿಕೊಂಡ ನಮ್ಮ ಕಿವಿಗೆ ಬೇಗ ಹತ್ತಿರವಾಗುತ್ತದೆ. 1950ರ ದಶಕದಲ್ಲಿ, ಹನ್ನೆರಡನ್ನೂ ಬಲ್ಲವನಾಗಿದ್ದ ವಯೋವೃದ್ಧ ಕಲಾವಿದ ತುರ್ದಿ ಅಖುನ್‌ನಿಂದ ಹಾಡಿಸಿ ಧ್ವನಿಮುದ್ರಿಸಿಕೊಳ್ಳದೇ ಹೋಗಿದ್ದರೆ ಅದರ ಬಹುಭಾಗ ಉಳಿಯುತ್ತಿರಲಿಲ್ಲ.

ಪಟ್ಟಣದಿಂದ ಹೊರಬಂದರೆ ಪಾಪ್ಲರ್ ಮರಗಳ ಸಾಲು, ಕಾಲುವೆ, ಹತ್ತಿ, ಗೋಧಿ, ಮೆಕ್ಕೆಜೋಳ, ಬಾದಾಮಿ ಮತ್ತು ಆಕ್ರೋಟು ತೋಟಗಳು. ವರ್ಷಕ್ಕೆ ನೂರು ಮಿಲಿಮೀಟರ್ ಮಳೆಯೂ ಬೀಳದ ಈ ನೆಲದಲ್ಲಿ ಬೇಸಾಯವೆಲ್ಲ ಕಾರಕೋರಂನ ಹಿಮ ಕರಗಿ ಹರಿಯುವ ಯಾರ್ಕಂದ್ ನದಿಯ ಕೃಪೆ. ಕಾಲುವೆ ಮುಗಿದಲ್ಲಿ ಹಸಿರೂ ಮುಗಿದು ತಕ್ಲಾಮಕಾನ್ ಮರುಭೂಮಿ ಶುರುವಾಗುತ್ತದೆ. ಚೀನಾದಲ್ಲಿ ಬಾದಾಮಿಗೆ ಹೆಸರಾದ ಪ್ರದೇಶ ಇದೇ. ಹೂ ನೋಡಬೇಕೆಂದರೆ ವಸಂತದಲ್ಲಿ ಹೋಗಬೇಕು, ಆದರೆ ಆಗ ಧೂಳಿನ ಬಿರುಗಾಳಿಯೂ ಇರುತ್ತದೆ. ನನ್ನ ಆಯ್ಕೆ ಸೆಪ್ಟೆಂಬರ್, ಅಕ್ಟೋಬರ್. ಹತ್ತಿಯ ವಿಷಯ ಮಾತ್ರ ಅಷ್ಟು ಸರಳವಲ್ಲ. ಚೀನಾದ ಹತ್ತಿಯಲ್ಲಿ ಬಹುಪಾಲು ಷಿನ್‌ಜಿಯಾಂಗ್‌ನದು, ಮತ್ತು ಸರ್ಕಾರಿ ಕಾರ್ಮಿಕ ವರ್ಗಾವಣೆ ಯೋಜನೆಗಳಲ್ಲಿ ಬಲವಂತವಿದೆ ಎಂಬ ಕಾರಣಕ್ಕೆ ಅಮೆರಿಕ 2022ರ ಜೂನ್‌ನಿಂದ ಈ ಪ್ರದೇಶದ ಸರಕುಗಳ ಆಮದನ್ನು ತಡೆಯುವ ಕಾನೂನನ್ನು ಜಾರಿಗೊಳಿಸಿದೆ. ಚೀನಾ ಈ ಆರೋಪವನ್ನು ನಿರಾಕರಿಸುತ್ತದೆ.

ಸಸ್ಯಾಹಾರಿಗಳಿಗೆ ಇಲ್ಲಿ ಕಷ್ಟವಿದೆ. ಪೊಲೊ ಎಂಬ ಕ್ಯಾರೆಟ್ ಅನ್ನ, ಲಗ್ಮಾನ್ ಎಂಬ ನೂಡಲ್ಸ್, ಸಮ್ಸಾ ಎಂಬ ಹೂರಣ ತುಂಬಿ ಸುಟ್ಟ ತಿಂಡಿ ಎಲ್ಲದರಲ್ಲೂ ಕುರಿಮಾಂಸವೋ ಅದರ ಕೊಬ್ಬೋ ಇರುತ್ತದೆ. ತಂದೂರಿನ ನಾನ್, ಮೊಸರು, ಹಣ್ಣು ಮತ್ತು ಒಣಹಣ್ಣುಗಳಿಂದ ಹೊಟ್ಟೆ ತುಂಬಿಸಿಕೊಳ್ಳಬಹುದು. ಅವಲಕ್ಕಿ, ಚಟ್ನಿಪುಡಿ ಒಯ್ದರೆ ಒಳ್ಳೆಯದು.

ಇನ್ನು ಅತಿ ಮುಖ್ಯವಾದ ವಿಷಯ. 2014ರ ಜುಲೈ ತಿಂಗಳಲ್ಲಿ ಇದೇ ಕೌಂಟಿಯ ಎಲಿಶ್ಕು ಪ್ರದೇಶದಲ್ಲಿ ನಡೆದ ಹಿಂಸೆಯಲ್ಲಿ 96 ಮಂದಿ ಸತ್ತರೆಂದು ಸರ್ಕಾರ ಹೇಳಿತು. ಸಾವು ಅದಕ್ಕಿಂತ ಎಷ್ಟೋ ಹೆಚ್ಚೆಂದು ದೇಶದ ಹೊರಗಿನ ಉಯ್ಘುರ್ ಸಂಘಟನೆಗಳು ಹೇಳಿದವು. 2017ರಿಂದ ಇಡೀ ಪ್ರದೇಶದಲ್ಲಿ ಅಪಾರ ಸಂಖ್ಯೆಯ ಉಯ್ಘುರರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಇದು ಮಾನವತೆಯ ವಿರುದ್ಧದ ಅಪರಾಧವಾಗಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರ ಆಗಸ್ಟ್ 31ರ ವರದಿಯಲ್ಲಿ ಹೇಳಿದೆ. ನೆರೆಯ ಹೋಟಾನ್ ಪ್ರಾಂತದ ಕರಕಾಶ್ ಕೌಂಟಿಯಿಂದ ಸೋರಿಕೆಯಾದ ಪಟ್ಟಿಯಲ್ಲಿ ಗಡ್ಡ ಬಿಟ್ಟದ್ದು, ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ್ದು ಕೂಡ ಬಂಧನಕ್ಕೆ ಕಾರಣವಾಗಿ ದಾಖಲಾಗಿವೆ. ಉಯ್ಘುರ್ ನಾಡಿನ ಮಜಾರ್‌ಗಳನ್ನು, ಅಂದರೆ ಸಂತರ ಸಮಾಧಿಗಳನ್ನು ಜೀವಮಾನವಿಡೀ ಅಧ್ಯಯನ ಮಾಡಿದ ವಿದ್ವಾಂಸೆ ರಾಹಿಲೆ ದಾವುತ್ 2017ರಲ್ಲಿ ಕಣ್ಮರೆಯಾದರು. ಅವರಿಗೆ ಜೀವಾವಧಿ ಶಿಕ್ಷೆಯಾಗಿರುವುದು 2023ರಲ್ಲಿ ದೃಢಪಟ್ಟಿತು.

ಆದ್ದರಿಂದ ಅಂಗಡಿಯವರನ್ನಾಗಲಿ ಟ್ಯಾಕ್ಸಿ ಚಾಲಕರನ್ನಾಗಲಿ ಧರ್ಮ, ಶಿಬಿರ, ಸರ್ಕಾರದ ಬಗ್ಗೆ ಖಂಡಿತ ಪ್ರಶ್ನಿಸಬೇಡಿ. ನೀವು ಕೇಳಿದ್ದಕ್ಕೆ ಉತ್ತರ ಕೊಡಬೇಕಾಗಿ ಬರುವುದು ನೀವು ಊರು ಬಿಟ್ಟ ಮೇಲೆ, ಅದೂ ಅವರು. ನಿಮ್ಮ ಕುತೂಹಲಕ್ಕೆ ಅವರ ಮನೆ ಬೆಲೆ ತೆರುವುದು ಬೇಡ. ಯಾರೂ ಮನೆಗೆ ಕರೆಯಲಿಲ್ಲವೆಂದು ಬೇಸರಿಸಬೇಡಿ. ಯಾರಾದರೂ ಮಾತು ಮೊಟಕುಗೊಳಿಸಿ ಹೊರಟರೆ ಹಿಂಬಾಲಿಸಬೇಡಿ. ಸಂತೆಯಲ್ಲಿ ಬೆಲೆ ಕೇಳಿ, ಹಣ್ಣಿನ ರುಚಿ ಹೊಗಳಿ, ಮಕ್ಕಳ ಕುಶಲ ವಿಚಾರಿಸಿ. ಅಷ್ಟರಲ್ಲಿಯೇ ಸಿಗುವ ಆತ್ಮೀಯತೆ ಸಾಲುತ್ತದೆ. ಪೊಲೀಸರ, ತಪಾಸಣಾ ಠಾಣೆಗಳ ಚಿತ್ರ ತೆಗೆಯಬೇಡಿ. ಮರಳಿದ ಮೇಲೆ ಅಲ್ಲಿ ಪರಿಚಯವಾದವರಿಗೆ ವೀಚಾಟ್‌ನಲ್ಲಿ ಸಂದೇಶ ಕಳುಹಿಸಬೇಡಿ, ಮತ್ತು ಅವರ ಮುಖ ಕಾಣುವ ಚಿತ್ರಗಳನ್ನು ಎಲ್ಲಿಯೂ ಹಂಚಿಕೊಳ್ಳಬೇಡಿ.