ನಂದಿ ಹತ್ತೋಕೆ ಮೊದಲು ಹಿಂದಿನ ಹಲ್ಲು ಎಣಿಸಿ

ನಂದಿಬೆಟ್ಟದ ತಿರುವುಗಳಲ್ಲಿ ಸೈಕಲ್ ತುಳಿದು ಮಂಡಿ ನೋಯಿಸಿಕೊಂಡು ಬಂದವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಹಗುರವಾದ ಚಕ್ರಗಳನ್ನು. ಅದಕ್ಕೆ ದುಡ್ಡು ಸುರಿಯುವ ಮುಂಚೆ ಹಿಂದಿನ ಕ್ಯಾಸೆಟ್‌ನ (ಹಿಂಚಕ್ರದ ಹಲ್ಲಿನ ಗೇರುಗಳ ಗೊಂಚಲು) ದೊಡ್ಡ ಗೇರಿಗೆ ಎಷ್ಟು ಹಲ್ಲಿವೆ ನೋಡಿ. 28 ಇದ್ದರೆ ಬದಲಿಸಬೇಕಾದ್ದು ಅದನ್ನೇ.

ಮುಂದೆ ಪೆಡಲ್ ಬಳಿಯ ಚಿಕ್ಕ ರಿಂಗಿಗೆ 34 ಹಲ್ಲು, ಹಿಂದೆ 28 ಅಂದುಕೊಳ್ಳಿ. ಪೆಡಲ್ ಒಂದು ಸುತ್ತು ಹಾಕಿದರೆ ಚಕ್ರ 1.21 ಸುತ್ತು ತಿರುಗುತ್ತದೆ. 25 ಮಿ.ಮೀ. ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ಗಂಟೆಗೆ 10 ಕಿ.ಮೀ.ನಲ್ಲಿ ಏರುವಾಗ ನಿಮಿಷಕ್ಕೆ 65 ಸುತ್ತು ತುಳಿಯುತ್ತೀರಿ. ಹಿಂದೆ 34 ಹಾಕಿದರೆ ಅದೇ ವೇಗಕ್ಕೆ 79 ಸುತ್ತು, ಆದರೆ ಪ್ರತಿ ತುಳಿತದ ಭಾರ ಆರನೇ ಒಂದು ಪಾಲಿಗಿಂತ ಹೆಚ್ಚೇ ಇಳಿಯುತ್ತದೆ. ಮಂಡಿಗೆ ಬೇಕಾದ್ದು ಇದೇ.

ಹಾಗಂತ 11-34 (ಚಿಕ್ಕ ಗೇರಿಗೆ 11, ದೊಡ್ಡದಕ್ಕೆ 34 ಹಲ್ಲಿನ ಕ್ಯಾಸೆಟ್) ಎಲ್ಲರಿಗೂ ಸರಿಹೋಗುವುದಿಲ್ಲ. 11 ಸ್ಪೀಡ್‌ನ (ಹಿಂದೆ 11 ಗೇರಿನ) 11-28ರಲ್ಲಿರುವ 12, 14 ಹಲ್ಲಿನ ಗೇರು ಇದರಲ್ಲಿ ಇಲ್ಲ; 11 ಆದಮೇಲೆ 13, ಆಮೇಲೆ 15. ದೇವನಹಳ್ಳಿ ಕಡೆ ಎದುರುಗಾಳಿಯಲ್ಲಿ ಗುಂಪಿನ ಜೊತೆ ಹೋಗುವಾಗ ಒಂದು ಗೇರ್ ಭಾರ, ಇನ್ನೊಂದು ತೀರಾ ಹಗುರ ಅನಿಸುತ್ತದೆ. ತಿಂಗಳಿಗೊಮ್ಮೆ ಮಾತ್ರ ಬೆಟ್ಟ ಹತ್ತುವವರಿಗೆ 11-32 ಸಾಕು, ಅದರಲ್ಲಿ 12, 13, 14 ಮೂರೂ ಉಳಿಯುತ್ತವೆ.

ಈಗ ಡಿರೇಲರ್, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ. ಶಿಮಾನೋ 105 ಆರ್7000ರಲ್ಲಿ ಗಿಡ್ಡ ಕೇಜಿನ (ಚೈನ್ ಹಾಯುವ ಎರಡು ಪುಟ್ಟ ಪುಲ್ಲಿಗಳ ಚೌಕಟ್ಟು) ಎಸ್ಎಸ್ 30 ಹಲ್ಲಿನವರೆಗೆ, ಉದ್ದ ಕೇಜಿನ ಜಿಎಸ್ 34ರವರೆಗೆ. ಮಾದರಿ ಸಂಖ್ಯೆ ಡಿರೇಲರಿನ ಒಳಬದಿಯಲ್ಲೇ ಇರುತ್ತದೆ, ಒರೆಸಿ ಓದಿ. ಎಸ್ಎಸ್ ಇದ್ದರೆ ಡಿರೇಲರನ್ನೂ ಬದಲಿಸಬೇಕು.

ಹೆಚ್ಚು ಜನ ಎಡವುವುದು ಸ್ಪೇಸರ್‌ನಲ್ಲಿ, ಅಂದರೆ ಕ್ಯಾಸೆಟ್ ಹಿಂದೆ ಜಾಗ ತುಂಬುವ ತೆಳು ಬಳೆಯಲ್ಲಿ. ಶಿಮಾನೋದ 11-34 ಎಚ್‌ಜಿ800 ಕ್ಯಾಸೆಟ್ಟನ್ನು 11 ಸ್ಪೀಡ್ ರೋಡ್ ಹಬ್‌ಗೆ (ಚಕ್ರದ ನಡುವಿನ ಭಾಗ) ಹಾಕುವಾಗ ಮೊದಲು 1.85 ಮಿ.ಮೀ. ಸ್ಪೇಸರ್ ಕೂರಿಸಬೇಕು. ಮರೆತರೆ ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗ್ ಬಿಗಿಯಾದ ಹಾಗೆ ಕಾಣುತ್ತದೆ, ಕ್ಯಾಸೆಟ್ ಮಾತ್ರ ಸಡಿಲ. 40 ನ್ಯೂಟನ್ ಮೀಟರ್‌ಗೆ ಬಿಗಿದ ಮೇಲೆ ದೊಡ್ಡ ಗೇರನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿ. ಕಟಕಟ ಅಂದರೆ ಬಿಚ್ಚಿ ಮತ್ತೆ ಜೋಡಿಸಿ.

ಹಳೇ ಚೈನ್ ಹಾಗೇ ಬಿಡಬೇಡಿ. 28ಕ್ಕೆ ಅಳೆದು ಕತ್ತರಿಸಿದ ಚೈನ್ 34ಕ್ಕೆ ಗಿಡ್ಡ ಆಗಬಹುದು. ಮುಂದೆ 50, ಹಿಂದೆ 34 ಗೇರಿಗೆ ಅಪ್ಪಿತಪ್ಪಿ ಹಾಕಿದರೂ ಸಾಕು, ಡಿರೇಲರನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಮುರಿದು ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳಬಹುದು. ಅಳತೆ ಹೀಗೆ: ಡಿರೇಲರ್ ಮೂಲಕ ಹಾಯಿಸದೆ ದೊಡ್ಡ ರಿಂಗ್ ಮತ್ತು ದೊಡ್ಡ ಗೇರಿಗೆ ಸುತ್ತಿ, ಕೊನೆಗಳು ಸೇರುವ ಜಾಗಕ್ಕೆ ಒಂದು ಇಂಚು ಸೇರಿಸಿ. ಆಮೇಲೆ ಡಿರೇಲರಿನ ಬಿ-ಸ್ಕ್ರೂ (ಗೇರಿನಿಂದ ಅದರ ದೂರ ಹೊಂದಿಸುವ ತಿರುಪು) ತಿರುಗಿಸಿ, ಮೇಲಿನ ಪುಲ್ಲಿ ಮತ್ತು 34ರ ನಡುವೆ 5-6 ಮಿ.ಮೀ. ಜಾಗ ಬಿಡಿ.

ದುಡ್ಡು ಉಳಿದರೆ ಮುಂದಿನ ಸರದಿ ಟೈರ್. ನಮ್ಮ ಗುಂಡಿ ರಸ್ತೆಗಳಿಗೆ 28 ಮಿ.ಮೀ. ಒಳ್ಳೆಯದು, ಬ್ರೇಕ್ ಮತ್ತು ಫ್ರೇಮಿನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ. ರಿಮ್ ಬ್ರೇಕ್ ಇದ್ದವರು ನಂದಿ ಇಳಿಯುವ ಮುಂಚೆ ಪ್ಯಾಡ್‌ಗಳಲ್ಲಿ ಸಿಕ್ಕಿಕೊಂಡ ಮರಳು, ಅಲ್ಯೂಮಿನಿಯಂ ಚೂರುಗಳನ್ನು ಪಿನ್ನಿನಿಂದ ಕಿತ್ತು ತೆಗೆಯಿರಿ. ಇಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಅವು ರಿಮ್ಮನ್ನು ಗೀರುತ್ತವೆ.