ಎಶೋವೆಯಲ್ಲಿ ಸಿಕ್ಕ ದೊಡ್ಡಪ್ಪ

ದಕ್ಷಿಣ ಆಫ್ರಿಕಾದ ಡರ್ಬನ್‌ನಿಂದ ಎಶೋವೆ ಅನ್ನುವ ಊರಿಗೆ ಹೊರಟಾಗ ಬ್ಯಾಗಲ್ಲಿ ಜುಲು ಭಾಷೆಯ ಹಳೇ ವ್ಯಾಕರಣ ಪುಸ್ತಕವಿತ್ತು. ದಾರಿಯುದ್ದಕ್ಕೂ ಕಬ್ಬಿನ ಗದ್ದೆ. ಮಂಡ್ಯದವನಿಗೆ ಅದರಲ್ಲೇನು ಹೊಸದು? ಸುಮ್ನೆ ಪುಸ್ತಕ ಬಿಡಿಸಿಕೊಂಡೆ.

ನನ್ನ ಅಮ್ಮ ಅಂದರೆ 'ಉಮಾಮಾ'. ನಿನ್ನ ಅಮ್ಮನಿಗೆ ಬೇರೆಯೇ ಪದ, 'ಉನ್ಯೋಕೊ'. ಅವನ ಅಮ್ಮ 'ಉನೀನಾ'. ಅಪ್ಪನಿಗೂ ಹೀಗೇ ಮೂರು: ಉಬಾಬಾ, ಉಯಿಹ್ಲೊ, ಉಯೀಸೆ. ಉರು ಹೊಡೆದೆ.

ಸಂಜೆ, ಉಳಿದುಕೊಂಡಿದ್ದ ಮನೆಯ ಯಜಮಾನಿ ಬೇಯಿಸಿದ ಅಮದುಂಬೆ ಸುಲಿಯುತ್ತಿದ್ದರು. ನಮ್ಮ ಕೆಸುವಿನ ಗೆಡ್ಡೆಯೇ ಅದು. ಅವರ ತಾಯಿಗೆ ಹುಷಾರಿರಲಿಲ್ಲ, ಒಳಗೆ ಮಲಗಿದ್ದರು. ನಾನು ದೊಡ್ಡ ಜಾಣನ ಹಾಗೆ, "ಉನ್ಯೋಕೊ ಉಂಜಾನಿ?" ಅಂದೆ.

ಸುಲಿಯುತ್ತಿದ್ದ ಕೈ ನಿಂತಿತು. ಅರ್ಧ ಬಿಟ್ಟ ಸಿಪ್ಪೆ ಬೆರಳಿಗೆ ಅಂಟಿಕೊಂಡೇ ಇತ್ತು. ಪಕ್ಕದಲ್ಲಿದ್ದ ಮಗಳು ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಆ ಪದ ಈಗ ಬೀದಿ ಜಗಳದ ಬೈಗುಳವಂತೆ! "ಉಮಾಮಾ ಉಂಜಾನಿ ಅನ್ನಿ ಸಾಕು" ಅಂದಳು ಮಗಳು. ಯಾರ ಅಮ್ಮ ಅಂತ ಹೇಳುವುದೇ ಬೇಡ. ನಾವೂ "ಅಮ್ಮ ಹೇಗಿದ್ದಾರೆ?" ಅಂತಲೇ ಕೇಳುವುದು, ಅಲ್ವಾ? "ನಿಮ್ಮಪ್ಪನ ಗಂಟೇನು ಹೋಯ್ತು" ಅನ್ನುವಾಗಲೇ 'ನಿಮ್ಮ' ಜೋರಾಗುವುದು. ಇಷ್ಟು ಗೊತ್ತಿದ್ದೂ ಪುಸ್ತಕ ನಂಬಿದೆನಲ್ಲ!

ಕ್ಷಮೆ ಕೇಳಲು 'ಙಿಯಾಖೊಲಿಸ' ಅಂದೆ. ನಡುವೆ ಇರಬೇಕಾದದ್ದು 'ಖ' ಅಲ್ಲ, ಜಟಕಾದವರು ಕುದುರೆ ಓಡಿಸಲು ಕೆನ್ನೆಯೊಳಗೆ ಮಾಡುವ ಸದ್ದು. ಅದಕ್ಕೂ ನಕ್ಕರು. ಯಜಮಾನಿಯೂ ನಕ್ಕರು, ಸದ್ಯ.

ಆಮೇಲೆ ನಮ್ಮ ಮನೆಯವರ ಲೆಕ್ಕ ಶುರುವಾಯಿತು. ಅಪ್ಪನ ಅಣ್ಣ 'ಉಬಾಬೊಂಖೂಲು'. ಬಾಬಾ ಅಂದರೆ ಅಪ್ಪ, ಖೂಲು ಅಂದರೆ ದೊಡ್ಡದು. ದೊಡ್ಡಪ್ಪ! ಚಿಕ್ಕಪ್ಪನೂ ಹಾಗೇ, ಆದರೆ ಅಲ್ಲಿನ 'ಚಿಕ್ಕ'ದ ನಡುವೆ ನಾವು "ಚ್ಚ್ಚ್, ಪಾಪ" ಅನ್ನುವಾಗಿನ ಸದ್ದು ಬರಬೇಕು. ನನ್ನ ಬಾಯಲ್ಲಿ ಚಿಕ್ಕಪ್ಪ ಪ್ರತಿ ಸಲವೂ ಪಾಪದವನಾದ. ದೊಡ್ಡಮ್ಮ, ಚಿಕ್ಕಮ್ಮಂದಿರೂ ಹೀಗೇ ಜೋಡಿಯಾಗಿ ಸಿಕ್ಕರು. ಇಂಗ್ಲಿಷಿನ ಅಂಕಲ್, ಆಂಟಿಗಳಲ್ಲಿ ಈ ಸುಖ ಎಲ್ಲಿ?

ಸೋದರಮಾವ 'ಉಮಲುಮೆ', ಅಂದರೆ ಗಂಡು ಅಮ್ಮ. ಅಪ್ಪನ ತಂಗಿ 'ಉಬಾಬೆಕಾಜಿ', ಹೆಣ್ಣು ಅಪ್ಪ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅತ್ತೆಗೆ ಇದನ್ನು ಹೇಳಿದೆ.

"ಮತ್ತೆ? ಇಷ್ಟು ದಿನ ನನ್ನನ್ನ ಯಾರು ಅಂದ್ಕೊಂಡಿದ್ದೆ?" ಅಂದರು.