ಹಸ್ತಪ್ರತಿ ಪಾಠದ ಚೆಸ್ಟರ್ ಬೀಟಿ

ಗ್ರಂಥಾಲಯ ವಿಜ್ಞಾನದ ತರಗತಿಯಲ್ಲಿ ಹಸ್ತಪ್ರತಿಗಳ ಪಾಠ ಶುರುವಾಯಿತೆಂದರೆ ನಮ್ಮ ಮೇಷ್ಟ್ರ ಬಾಯಲ್ಲಿ ಚೆಸ್ಟರ್ ಬೀಟಿಯ ಹೆಸರು ಬಂದೇ ಬರುತ್ತಿತ್ತು. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈತ ಗಣಿ ಎಂಜಿನಿಯರ್, ಹಳೆಯ ಹಸ್ತಪ್ರತಿಗಳ ಸಂಗ್ರಾಹಕ. ಮುಂದೆ ಲಂಡನ್ನಿಗೆ ಹೋಗಿ ನೆಲೆಸಿದ, ಆಫ್ರಿಕಾದ ಉತ್ತರ ರೊಡೇಷಿಯಾದ (ಈಗಿನ ಜಾಂಬಿಯಾ) ತಾಮ್ರದಲ್ಲಿ ದುಡ್ಡು ಮಾಡಿದ, 1950ರಲ್ಲಿ ಐರ್ಲೆಂಡಿನ ಡಬ್ಲಿನ್ ಸೇರಿದ. ಆ ದುಡ್ಡಿನಲ್ಲಿ ಆಫ್ರಿಕಾದ ಗಣಿಕಾರ್ಮಿಕರ ಬೆವರೂ ಇದೆ, ಅದನ್ನು ಮರೆಸಿ ಬರೆಯುವುದು ಸಲ್ಲ. ಆದರೆ ಆತ ಪುಸ್ತಕ ಕೊಳ್ಳುತ್ತಿದ್ದ ಶಿಸ್ತು ಕಲಿಯುವಂಥದ್ದು: ಎಷ್ಟು ಪ್ರತಿ ಎಂಬುದಕ್ಕಿಂತ ಪ್ರತಿ ಹೇಗಿದೆ ಎಂಬುದೇ ಮುಖ್ಯ.

ಪಾಠ ನಿಲ್ಲುತ್ತಿದ್ದುದು ಬೀಟಿಯ ಸಂಗ್ರಹದ ಒಂದು ಪುಸ್ತಕದ ಮೇಲೆ: ಬೈಬಲ್ಲಿನಲ್ಲಿ ಬರುವ ಪೌಲನ ಪತ್ರಗಳ ಗ್ರೀಕ್ ಪ್ರತಿ, ಪಪೈರಸ್ ಎಂಬ ಜೊಂಡಿನ ನಾರಿನ ಹಾಳೆಯಲ್ಲಿ ಬರೆದದ್ದು. ಕ್ರಿ.ಶ. 200ರ ಆಸುಪಾಸಿನದು. 52 ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಒಮ್ಮೆಗೇ ಮಡಿಸಿದರೆ 104 ಎಲೆ, ಅಂದರೆ 208 ಪುಟ. ಈ ಒಂದೇ ಮಡಿಕೆಯ ಕಟ್ಟಿನಲ್ಲಿ ಎರಡು ತೊಂದರೆ. ಎಷ್ಟು ಪುಟ ಬೇಕೆಂದು ಲಿಪಿಕಾರ ಮೊದಲೇ ಅಂದಾಜು ಮಾಡಬೇಕು, ಮಧ್ಯ ದಾಟಿದ ಮೇಲೆ ಹಾಳೆ ಸೇರಿಸಿದರೆ ಮುಂದುಗಡೆ ಖಾಲಿ ಪುಟ ಬೀಳುತ್ತದೆ. ಇಲ್ಲಿ ಅಂದಾಜು ತಪ್ಪಿದ್ದು ಕಣ್ಣಿಗೇ ಕಾಣುತ್ತದೆ: ಮೊದಮೊದಲು ಪುಟಕ್ಕೆ ಸುಮಾರು 26 ಸಾಲು, ಕೊನೆಕೊನೆಗೆ 30ರ ಆಚೆ, ಅಕ್ಷರ ಇಕ್ಕಟ್ಟು. ಇನ್ನೊಂದು, ಹೊರಗಿನ ಹಾಳೆ ಕಿತ್ತುಹೋದರೆ ನಷ್ಟ ಎರಡೂ ತುದಿಗೆ. ಮೊದಲ 7 ಎಲೆ ಹೋದವು, ಅವುಗಳ ಜೋಡಿ 7 ಎಲೆ ಕೊನೆಯಲ್ಲೂ ಹೋದವು, ಒಳಗಿನ ಇನ್ನೂ 4 ಎಲೆ ಕಳೆದವು. ಉಳಿದ 86ರಲ್ಲಿ ಬೀಟಿಗೆ ದಕ್ಕಿದ್ದು 56, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಪಾಲಿಗೆ 30. ವ್ಯಾಪಾರಿಗಳು ಬಿಡಿಬಿಡಿಯಾಗಿ ಮಾರಿದರೆ ಒಂದೇ ಪುಸ್ತಕ ಎರಡು ಖಂಡಗಳಲ್ಲಿ ಹಂಚಿಹೋಗುತ್ತದೆ.

ಇಂಥದ್ದನ್ನು ಸುಮ್ಮನೆ ಕಪಾಟಿನಲ್ಲಿಡುವಂತಿಲ್ಲ. ಒಣಗಿದ ಪಪೈರಸ್ ಬಗ್ಗಿಸಿದರೆ ನಾರು ಬಿರಿಯುತ್ತದೆ, ತೇವವಾದರೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಎರಡು ಗಾಜಿನ ನಡುವೆ ಇರಿಸಿ, ಅಂಚು ಮುಚ್ಚಿ, ಮಂದ ಬೆಳಕಿನಲ್ಲಿ ತೋರಿಸುತ್ತಾರೆ.

ವಿಜಾಪುರದವರಿಗೆ ಇದರಲ್ಲಿ ಸ್ವಂತದ ಪಾಲೂ ಇದೆ. ಆದಿಲ್‌ಶಾಹಿ ಆಸ್ಥಾನದಲ್ಲಿ 1570ರಲ್ಲಿ ಸಿದ್ಧವಾದ ಸಚಿತ್ರ ಪರ್ಷಿಯನ್ ಗ್ರಂಥ ‘ನುಜೂಮ್ ಅಲ್-ಉಲೂಮ್’ ಇರುವುದು ಬೀಟಿಯ ಸಂಗ್ರಹದಲ್ಲೇ. ಜ್ಯೋತಿಷ್ಯ, ಆಯುಧ, ಆನೆ, ಕುದುರೆ ಎಲ್ಲವೂ ಅದರಲ್ಲಿ ಉಂಟು.

1957ರಲ್ಲಿ ಐರ್ಲೆಂಡ್ ಬೀಟಿಗೆ ತನ್ನ ಮೊದಲ ಗೌರವ ಪೌರತ್ವ ಕೊಟ್ಟಿತು. 1968ರಲ್ಲಿ ಮೊನಾಕೊದಲ್ಲಿ ತೀರಿಕೊಂಡಾಗ ಡಬ್ಲಿನ್ನಿನಲ್ಲಿ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಯಿತು. ಪುಸ್ತಕಗಳನ್ನು ಸಾರ್ವಜನಿಕರ ಹೆಸರಿಗೆ ಟ್ರಸ್ಟ್ ಮಾಡಿ ಬಿಟ್ಟಿದ್ದರಿಂದ ಅವು ಹರಾಜಿಗೆ ಬೀಳಲಿಲ್ಲ. 2000ದಿಂದ ಸಂಗ್ರಹ ಡಬ್ಲಿನ್ ಕ್ಯಾಸಲ್ ಆವರಣದಲ್ಲಿದೆ, ನೋಡಲು ಟಿಕೆಟ್ ಇಲ್ಲ.